ಪರಮಾಣುಭಾರವೂ ಆವರ್ತ ಕೋಷ್ಟಕವೂ

1860ನೆಯ ಇಸವಿಯ ಸೆಪ್ಟೆಂಬರ್ 3ನೆಯ ದಿನ, ಬಾಡೆನ್ ಸಂಸ್ಥಾನದ ರಾಜಧಾನಿಯಾಗಿದ್ದ ಕಾರ್ಲ್ಸ್‌ರೂಹೆ ನಗರದ ಶಾಸನಸಭಾ ಮಂದಿರದಲ್ಲಿ, ಯೂರೋಪಿನ ನಾನಾ ದೇಶಗಳಿಂದ ಬಂದ ನೂರಕ್ಕೂ ಮಿಗಿಲಾದ ರಸಾಯನಶಾಸ್ತ್ರಜ್ಞರು ಸಭೆ ಸೇರಿದರು. ಒಂದು ಶಾಸ್ತ್ರದ ಪಂಡಿತರು ದೇಶಭಾಷೆಗಳ ಎಲ್ಲೆಯನ್ನು ದಾಟಿ, ತಮ್ಮ ಶಾಸ್ತ್ರದ ತೊಡಕೊಂದನ್ನು ಬಿಡಿಸಿಕೊಳ್ಳುವುದಕ್ಕಾಗಿಯೇ ಹೀಗೆ ಒಂದೆಡೆ ಕೂಡಿದ್ದು ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಅದೇ ಮೊದಲು. ಕರೆಯೋಲೆಯನ್ನು ಕಳುಹಿಸಿದವರು ಗೆಂಟ್ ನಗರದಲ್ಲಿ ಅಧ್ಯಾಪಕರಾಗಿದ್ದ ಕೆಕುಲೆ, ಪ್ಯಾರಿಸ್ಸಿನ ವುರ್ಟ್ಸ್, ಕಾರ್ಲ್ಸ್‌ರೂಹೆಯವರೇ ಆದ ವೆಲ್ಟ್‌ಜೀನ್ ಎಂಬ ಮೂವರು. ಇವರನ್ನು ಬಾಧಿಸುತ್ತಿದ್ದ ತೊಡಕು ಸಾಮಾನ್ಯವಾದುದಲ್ಲ. ಅಣುವೆಂದರೇನು, ಪರಮಾಣುವೆಂದರೇನು, ಒಂದೊಂದು ಮೂಲವಸ್ತುವಿನ ಪರಮಾಣುವಿನ ಭಾರವೆಷ್ಟು ಎಂಬ ವಿಷಯದಲ್ಲಿ ಇಬ್ಬರು ಪಂಡಿತರು ಒಂದೇ ಮಾತನ್ನಾಡುವ ಸ್ಥಿತಿ ಆಗ ಇರಲಿಲ್ಲ. ಇಂಗಾಲದ ಪರಮಾಣುಭಾರ ಕೆಲವರಿಗೆ 6, ಕೆಲವರಿಗೆ 12. ಆಮ್ಲಜನಕದ್ದು ಕೆಲವರಿಗೆ 8, ಕೆಲವರಿಗೆ 16. ವಿನೆಗರಿನ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲವೊಂದಕ್ಕೇ ಚಲಾವಣೆಯಲ್ಲಿದ್ದ ಹತ್ತೊಂಬತ್ತು ಬಗೆಯ ಸೂತ್ರಗಳನ್ನು ಕೆಕುಲೆ ತಮ್ಮ ಪಠ್ಯಗ್ರಂಥದಲ್ಲಿ ಪಟ್ಟಿಮಾಡಿ ತೋರಿಸಿದ್ದಾರೆ.

ಈ ಗೊಂದಲವು ತೂಗುವವರ ಅಜಾಗರೂಕತೆಯಿಂದ ಹುಟ್ಟಿದುದೆಂದು ಭಾವಿಸಬಾರದು. ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ ಜೀವಿಸುತ್ತಿದ್ದ ಜಾನ್ ಡಾಲ್ಟನ್ನರು 1803ರಲ್ಲಿ ಪರಮಾಣುಭಾರಗಳ ಪ್ರಥಮ ಪಟ್ಟಿಯನ್ನು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಂದಿನಿಂದ ಈ ಕಷ್ಟ ಅದರ ಬೆನ್ನಿಗೇ ಇತ್ತು. ಜಲಜನಕದ ಪರಮಾಣುವನ್ನು 1 ಎಂದು ಇಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಹೋಲಿಸಿ ಹೇಳುವುದು ಡಾಲ್ಟನ್ನರ ಕ್ರಮ. ನೀರನ್ನು ವಿಭಜಿಸಿದರೆ ಜಲಜನಕದ ಒಂದು ಭಾಗಕ್ಕೆ ಆಮ್ಲಜನಕದ ಎಂಟು ಭಾಗ ದೊರೆಯುವುದೆಂಬುದು ತಕ್ಕಡಿಯ ಸಾಕ್ಷ್ಯ. ಆದರೆ ಆ ಎಂಟು ಭಾಗ ಆಮ್ಲಜನಕವು ಒಂದು ಜಲಜನಕ ಪರಮಾಣುವಿನೊಡನೆ ಕೂಡಿರುವ ಒಂದು ಪರಮಾಣುವೋ, ಎರಡರೊಡನೆ ಕೂಡಿರುವ ಒಂದೋ ಎಂಬುದನ್ನು ತಕ್ಕಡಿ ಹೇಳಲಾರದು. ಚೀಲವೊಂದರಲ್ಲಿ ತೆಂಗಿನಕಾಯಿಗಳೂ ಅಡಕೆಗಳೂ ಬೆರೆತಿದ್ದು, ಕಾಯಿಗಳ ಒಟ್ಟು ತೂಕವನ್ನೂ ಅಡಕೆಗಳ ಒಟ್ಟು ತೂಕವನ್ನೂ ಮಾತ್ರ ಹೇಳಿ, ಎಣಿಕೆಯನ್ನು ಮುಚ್ಚಿಟ್ಟರೆ, ಒಂದು ಕಾಯಿಯ ತೂಕ ಒಂದು ಅಡಕೆಯ ತೂಕದ ಎಷ್ಟು ಪಟ್ಟು ಎಂಬುದನ್ನು ಎಂಥ ಚತುರನಾದ ವ್ಯಾಪಾರಿಯೂ ಹೇಳಲಾರನು. ಡಾಲ್ಟನ್ನರು ಬೇರೆ ಆಧಾರವಿಲ್ಲದೆ, ಪ್ರಕೃತಿಯು ಸರಳತೆಯನ್ನು ಆಶ್ರಯಿಸುವುದೆಂದು ನಂಬಿ, ಒಂದಕ್ಕೆ ಒಂದೇ ಎಂದು ಇಟ್ಟುಕೊಂಡರು. ಹೀಗೆ ಊಹೆಯೊಂದು ಅಂಕಿಯ ಒಳಹೊಕ್ಕಿತು.

ಸ್ಟಾಕ್‌ಹೋಮಿನ ಬರ್ಜೀಲಿಯಸ್ಸರು ತಮ್ಮ ಆಯುಷ್ಯದ ಉತ್ತಮ ಭಾಗವನ್ನು ಇದಕ್ಕೇ ಧಾರೆಯೆರೆದು, ಸಾವಿರಾರು ಸಂಯುಕ್ತಗಳನ್ನು ತಾವೇ ವಿಶ್ಲೇಷಿಸಿ, 1818ರಲ್ಲೊಮ್ಮೆ 1826ರಲ್ಲೊಮ್ಮೆ ಪಟ್ಟಿಗಳನ್ನು ಪ್ರಕಟಿಸಿದರು. ಕೈಕೆಲಸದ ಶುದ್ಧಿಯಲ್ಲಿ ಅವರನ್ನು ಮೀರಿಸಿದವರು ಆ ಕಾಲದಲ್ಲಿ ಯಾರೂ ಇರಲಿಲ್ಲ. ಆದರೆ ಒಂದು ಸಂಯುಕ್ತದಲ್ಲಿ ಎಷ್ಟು ಪರಮಾಣುಗಳಿವೆಯೆಂಬ ಪ್ರಶ್ನೆಗೆ ಅವರಲ್ಲಿಯೂ ನಿಶ್ಚಿತವಾದ ಉತ್ತರವಿರಲಿಲ್ಲ. ಉತ್ತರದ ಬೀಜ 1811ರಲ್ಲಿಯೇ ಬಿದ್ದಿತ್ತು. ಒಂದೇ ಉಷ್ಣತೆ ಒಂದೇ ಒತ್ತಡಗಳಲ್ಲಿರುವ ಎಲ್ಲ ಅನಿಲಗಳ ಸಮಾನ ಗಾತ್ರದಲ್ಲಿ ಸಮಾನ ಸಂಖ್ಯೆಯ ಅಣುಗಳಿರುವುವೆಂದೂ, ಜಲಜನಕದಂತಹ ಅನಿಲದ ಅಣುವಿನಲ್ಲಿ ಎರಡು ಪರಮಾಣುಗಳು ಜೊತೆಗೂಡಿರಬಹುದೆಂದೂ ಇಟಲಿಯ ಅವೊಗಾಡ್ರೊ ಬರೆದಿದ್ದರು. ಒಂದೇ ಜಾತಿಯ ಎರಡು ಪರಮಾಣುಗಳು ಒಂದನ್ನೊಂದು ಆಕರ್ಷಿಸುವುದು ಅಸಾಧ್ಯವೆಂದು ನಂಬಿದ್ದ ಪಂಡಿತಲೋಕ ಈ ಮಾತಿಗೆ ಕಿವಿಗೊಡಲಿಲ್ಲ. ಅನೇಕರು ಪರಮಾಣುವಿನ ಗೊಡವೆಯನ್ನೇ ಬಿಟ್ಟು, ತಕ್ಕಡಿ ಹೇಳಿದಷ್ಟನ್ನು ಮಾತ್ರ ನಂಬುವ ತುಲ್ಯಭಾರಗಳಿಗೆ, ಎಂದರೆ ಜಲಜನಕದ 1 ಭಾಗದೊಡನೆಯೋ ಆಮ್ಲಜನಕದ 8 ಭಾಗದೊಡನೆಯೋ ಕೂಡುವ ಭಾರಗಳಿಗೆ, ಶರಣಾದರು. 1856ರಲ್ಲಿ ಅವೊಗಾಡ್ರೊ ತೀರಿಕೊಂಡಾಗ ಅವರ ತತ್ತ್ವ ಮೂಲೆಗುಂಪಾಗಿಯೇ ಇತ್ತು.

ಅದನ್ನು ಬೆಳಕಿಗೆ ತಂದವರು ಸ್ಟಾನಿಸ್ಲಾವೊ ಕನಿಜಾರೊ. ಸಿಸಿಲಿಯ ಪಲೆರ್ಮೊದಲ್ಲಿ 1826ರಲ್ಲಿ ಹುಟ್ಟಿದ ಇವರು 1848ರ ಸಿಸಿಲಿಯ ಕ್ರಾಂತಿಯಲ್ಲಿ ಭಾಗವಹಿಸಿ, ಅದು ಸೋತಮೇಲೆ ಫ್ರಾನ್ಸಿಗೆ ದೇಶಭ್ರಷ್ಟರಾಗಿ ಹೋಗಿ, ಮರಳಿ ಬಂದು ಜಿನೋವಾದಲ್ಲಿ ಅಧ್ಯಾಪಕರಾಗಿದ್ದರು. ತಮ್ಮ ವಿದ್ಯಾರ್ಥಿಗಳಿಗೆ ರಸಾಯನತತ್ತ್ವವನ್ನು ತಾವು ಬೋಧಿಸುತ್ತಿದ್ದ ಬಗೆಯನ್ನು 1858ರಲ್ಲಿ ಮಿತ್ರರೊಬ್ಬರಿಗೆ ಪತ್ರರೂಪದಲ್ಲಿ ಬರೆದು ಪ್ರಕಟಿಸಿದರು. ಹೊಸ ಪ್ರಯೋಗವೊಂದೂ ಆ ಬರವಣಿಗೆಯ ಆಧಾರವಲ್ಲ. ಅದರಲ್ಲಿರುವುದು ತಿಳಿದ ಸಂಗತಿಗಳನ್ನು ಸರಿಯಾದ ಕ್ರಮದಲ್ಲಿ ಇಟ್ಟುಕೊಂಡು ನಡೆಯುವ ಬುದ್ಧಿ. ಅಧ್ಯಾಪಕನೊಬ್ಬನು ತರಗತಿಗಾಗಿ ಮಾಡಿಕೊಂಡ ಸಿದ್ಧತೆ ಒಂದು ಶಾಸ್ತ್ರದ ದಿಕ್ಕನ್ನೇ ತಿದ್ದಿದ ಇಂತಹ ಉದಾಹರಣೆಯನ್ನು ನೆನೆದಾಗಲೆಲ್ಲ ನಮ್ಮ ಮನಸ್ಸು ಗೌರವದಿಂದ ತುಂಬುತ್ತದೆ.

ಅವರ ವಿಧಾನ ಹೀಗಿದೆ. ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿವೆಯೆಂದು ಒಪ್ಪಿ ಅದರ ಅಣುಭಾರವನ್ನು 2 ಎಂದು ಇಡಬೇಕು. ಉಳಿದ ಅನಿಲಗಳೂ ಆವಿಗಳೂ ಅದೇ ಗಾತ್ರದ ಜಲಜನಕಕ್ಕಿಂತ ಎಷ್ಟು ಪಟ್ಟು ಭಾರವಾಗಿವೆಯೆಂದು ಅಳೆದು 2ರಿಂದ ಗುಣಿಸಿದರೆ ಅವುಗಳ ಅಣುಭಾರಗಳು ಸಿಗುತ್ತವೆ. ಇಂಗಾಲವಿರುವ ಅನಿಲಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರ ಅಣುಭಾರದಲ್ಲಿ ಇಂಗಾಲದ ಪಾಲೆಷ್ಟೆಂದು ವಿಶ್ಲೇಷಣೆಯಿಂದ ನೋಡಬೇಕು. ಇಂಗಾಲದ ಮಾನಾಕ್ಸೈಡಿನ ಅಣುಭಾರ 28, ಅದರಲ್ಲಿ ಇಂಗಾಲ 12. ಡೈಆಕ್ಸೈಡಿನದು 44, ಇಂಗಾಲ 12. ಜೌಗು ಅನಿಲದ್ದು 16, ಇಂಗಾಲ 12. ಆಲ್ಕೊಹಾಲಿನ ಆವಿಯದು 46, ಇಂಗಾಲ 24. ಈಥರಿನದು 74, ಇಂಗಾಲ 48. ಎಷ್ಟು ಸಂಯುಕ್ತಗಳನ್ನು ಪರೀಕ್ಷಿಸಿದರೂ 12ಕ್ಕಿಂತ ಕಡಿಮೆಯಾದ ಪಾಲು ಕಾಣುವುದಿಲ್ಲ. ಕಂಡುದೆಲ್ಲ 12 ಅಥವಾ ಅದರ ಅಪವರ್ತ್ಯ. ಪರಮಾಣುವು ಭಾಗವಾಗದ್ದಾದುದರಿಂದ ಇಂಗಾಲದ ಪರಮಾಣುಭಾರ 12 ಎನ್ನುವುದು ಅನಿವಾರ್ಯ. ಆವಿಯಾಗದ ಲೋಹಗಳಿಗೆ ಡ್ಯೂಲಾಂಗ್ ಮತ್ತು ಪೆಟಿ 1819ರಲ್ಲಿ ಕಂಡುಕೊಂಡಿದ್ದ ನಿಯಮದ ನೆರವನ್ನು ಅವರು ಪಡೆದರು. ಘನ ಮೂಲವಸ್ತುವಿನ ವಿಶಿಷ್ಟೋಷ್ಣವನ್ನು ಅದರ ಪರಮಾಣುಭಾರದಿಂದ ಗುಣಿಸಿದರೆ ಬರುವ ಲಬ್ಧ ಬಹುಮಟ್ಟಿಗೆ ಎಲ್ಲಕ್ಕೂ ಒಂದೇ, 6ಕ್ಕಿಂತ ಸ್ವಲ್ಪ ಹೆಚ್ಚು, ಎಂಬುದೇ ಆ ನಿಯಮ.

ಕಾರ್ಲ್ಸ್‌ರೂಹೆಯ ಸಭೆಯಲ್ಲಿ ಕನಿಜಾರೊ ಇದನ್ನು ವಿಶದವಾಗಿ ಪ್ರತಿಪಾದಿಸಿದರು. ಸಭೆಯೇನೋ ಯಾವ ನಿರ್ಣಯವನ್ನೂ ಕೈಗೊಳ್ಳದೆ ಮೂರನೆಯ ದಿನ ಮುಗಿಯಿತು. ಶಾಸ್ತ್ರದ ಸತ್ಯವನ್ನು ಕೈಯೆತ್ತಿಸಿ ತೀರ್ಮಾನಿಸಲಾಗದೆಂಬುದು ಅನೇಕರ ಅಭಿಪ್ರಾಯವಾಗಿತ್ತು, ಮತ್ತು ಅದು ಯುಕ್ತವಾದ ಅಭಿಪ್ರಾಯವೇ. ಆದರೆ ಜನರು ಚದರುವ ಹೊತ್ತಿನಲ್ಲಿ ಕನಿಜಾರೊ ಅವರ ಮಿತ್ರ ಪವೇಸಿ ಎಂಬವರು 1858ರ ಆ ಪುಸ್ತಿಕೆಯ ಪ್ರತಿಗಳನ್ನು ಹಂಚಿದರು. ಅದನ್ನು ಓದಿ ಪರಿವರ್ತಿತರಾದವರಲ್ಲಿ ಜರ್ಮನಿಯ ತರುಣ ಲೋಥರ್ ಮೈಯರ್ ಒಬ್ಬರು. ಹೈಡೆಲ್‌ಬರ್ಗಿನಲ್ಲಿ ವ್ಯಾಸಂಗಕ್ಕಾಗಿ ಬಂದಿದ್ದು ಸಭೆಗೆ ಹಾಜರಾಗಿದ್ದ ಇಪ್ಪತ್ತಾರು ವಯಸ್ಸಿನ ರಷ್ಯನ್ ತರುಣ ಡ್ಮಿಟ್ರಿ ಮೆಂಡಲೀವರು ಸಭೆಯ ವೃತ್ತಾಂತವನ್ನು ಉತ್ಸಾಹದಿಂದ ತಮ್ಮ ಗುರುಗಳಿಗೆ ಬರೆದು ತಿಳಿಸಿದರು. ಆವರ್ತ ಕೋಷ್ಟಕವನ್ನು ಕಟ್ಟಿದವರಿಬ್ಬರೂ ಒಂದೇ ಸಭೆಯಲ್ಲಿ ಕುಳಿತು ಒಂದೇ ಉಪದೇಶವನ್ನು ಪಡೆದವರೆಂಬುದು ಗಮನಿಸತಕ್ಕ ಸಂಗತಿ. ಭಾರಗಳು ತಪ್ಪಾಗಿದ್ದರೆ ಅವುಗಳ ಕ್ರಮದಲ್ಲಿ ಯಾವ ಲಯವೂ ಕಾಣುವಂತಿರಲಿಲ್ಲ.

ಲಯದ ಸುಳಿವನ್ನು ಕೆಲವರು ಮೊದಲೇ ಹಿಡಿದಿದ್ದರು. ಲಿಥಿಯಂ 7, ಸೋಡಿಯಂ 23, ಪೊಟ್ಯಾಸಿಯಂ 39 ಎಂಬಂತಹ ತ್ರಿಕಗಳಲ್ಲಿ ನಡುವಣದು ಇಕ್ಕೆಲಗಳ ಸರಾಸರಿಯಾಗಿರುವುದನ್ನು ಡೊಬರೈನರ್ 1829ರ ವೇಳೆಗೆ ತೋರಿಸಿದ್ದರು. ಭಾರದ ಕ್ರಮದಲ್ಲಿ ಪ್ರತಿ ಎಂಟನೆಯ ಮೂಲವಸ್ತು ಮೊದಲನೆಯದನ್ನು ಹೋಲುವುದೆಂದು ಲಂಡನ್ನಿನ ನ್ಯೂಲ್ಯಾಂಡ್ಸ್ 1866ರಲ್ಲಿ ರಸಾಯನ ಸಂಘದ ಮುಂದೆ ಹೇಳಿ, ಅಕಾರಾದಿ ಕ್ರಮದಲ್ಲಿ ಜೋಡಿಸಿ ನೋಡಿದ್ದೀರಾ ಎಂಬ ಪರಿಹಾಸಕ್ಕೆ ಗುರಿಯಾದರು. ಮೂಲವಸ್ತುಗಳನ್ನು ಭಾರಕ್ರಮದಲ್ಲಿ ಪೋಣಿಸುವುದು ಇವರಿಗೂ ಸಾಧ್ಯವಾಗಿತ್ತು. ಕ್ರಮವು ಕೆಟ್ಟ ಕಡೆಯಲ್ಲಿ ಕ್ರಮವನ್ನು ನಂಬಿ ಭಾರವನ್ನು ಸಂಶಯಿಸುವ ಧೈರ್ಯ ಮಾತ್ರ ಇನ್ನೊಬ್ಬರಿಗಾಗಿ ಕಾದಿತ್ತು.

ಸೈಬೀರಿಯದ ತೊಬೋಲ್ಸ್ಕಿನಲ್ಲಿ 1834ರಲ್ಲಿ ಹುಟ್ಟಿದ ಮೆಂಡಲೀವರು ಬಹುಸಂತಾನದ ಕುಟುಂಬದ ಕಿರಿಯ ಮಗ. ತಂದೆ ದೃಷ್ಟಿ ಕಳೆದುಕೊಂಡು ಉಪಾಧ್ಯಾಯ ವೃತ್ತಿಯನ್ನು ಬಿಡಬೇಕಾಗಿ ಬಂದಾಗ ತಾಯಿ ಮರಿಯಾ ಗಾಜಿನ ಕಾರ್ಖಾನೆಯೊಂದನ್ನು ನಡೆಸಿ ಸಂಸಾರವನ್ನು ಸಲಹಿದಳು. ತಂದೆ ತೀರಿಕೊಂಡು, ಕಾರ್ಖಾನೆ ಬೆಂಕಿಗಾಹುತಿಯಾದ ಮೇಲೆ, ಆ ಮಹಾತಾಯಿ ಮಗನ ವಿದ್ಯೆಗಾಗಿ ಸಾವಿರಾರು ಮೈಲಿಗಳ ಪ್ರಯಾಣ ಮಾಡಿ, ಮಾಸ್ಕೋದಲ್ಲಿ ಪ್ರವೇಶ ದೊರೆಯದೆ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು, 1850ರಲ್ಲಿ ಅವನನ್ನು ಅಲ್ಲಿಯ ಶಿಕ್ಷಕರ ವಿದ್ಯಾಲಯಕ್ಕೆ ಸೇರಿಸಿ, ಅದೇ ವರ್ಷ ಕಣ್ಮುಚ್ಚಿದಳು. ಆ ಮಗನೇ ಮುಂದೆ ಪೀಟರ್ಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿ, ವಿದ್ಯಾರ್ಥಿಗಳಿಗಾಗಿ ರಸಾಯನತತ್ತ್ವಗಳೆಂಬ ಗ್ರಂಥವನ್ನು ಬರೆಯುತ್ತ, ಮೂಲವಸ್ತುಗಳನ್ನು ಯಾವ ಕ್ರಮದಲ್ಲಿ ವಿವರಿಸಬೇಕೆಂಬ ಚಿಂತೆಗೆ ಸಿಕ್ಕಿದುದು. ಗೊತ್ತಿದ್ದ ಮೂಲವಸ್ತುಗಳು 63. ರಷ್ಯದ ಹಳೆಯ ಪಂಚಾಂಗದಂತೆ 1869ರ ಫೆಬ್ರವರಿ 17ರಂದು, ಇಂದಿನ ಲೆಕ್ಕದಲ್ಲಿ ಮಾರ್ಚ್ 1ರಂದು, ಅವರ ಪ್ರಥಮ ಕೋಷ್ಟಕ ಸಿದ್ಧವಾಯಿತು. ಕೆಲವೇ ದಿನಗಳಲ್ಲಿ ಮೆನ್‌ಶುಟ್ಕಿನ್ ಎಂಬ ಸಹೋದ್ಯೋಗಿಗಳು ಅವರ ಪರವಾಗಿ ಅದನ್ನು ರಷ್ಯನ್ ರಸಾಯನ ಸಂಘದ ಮುಂದೆ ಓದಿದರು.

ಆ ಪ್ರಥಮ ಕೋಷ್ಟಕದಲ್ಲಿ ನಮ್ಮ ಕಣ್ಣನ್ನು ಸೆಳೆಯುವುವು ಪ್ರಶ್ನಚಿಹ್ನೆಗಳು. ಕೆಲವು ಪ್ರಶ್ನಚಿಹ್ನೆಗಳು 45, 68, 70 ಮುಂತಾದ ಅಂಕಿಗಳ ಎದುರಿಗೆ ಮೂಲವಸ್ತುವಿನ ಹೆಸರಿರಬೇಕಾದೆಡೆ ನಿಂತಿವೆ. ಇವು ಇನ್ನೂ ದೊರೆಯದ ವಸ್ತುಗಳ ಗುರುತು. ಮತ್ತೆ ಕೆಲವು ಹೆಸರಿನ ಮುಂದಲ್ಲ, ಅಂಕಿಯ ಮುಂದೆ ನಿಂತಿವೆ: ಟೆಲ್ಲುರಿಯಂ 128 ಎಂದು ಬರೆದು ಪ್ರಶ್ನಚಿಹ್ನೆ, ಇಂಡಿಯಂ 75.6 ಎಂದು ಬರೆದು ಪ್ರಶ್ನಚಿಹ್ನೆ, ಥೋರಿಯಂ 118ಕ್ಕೂ ಹಾಗೆಯೇ. ಮೊದಲನೆಯ ಬಗೆಯ ಪ್ರಶ್ನೆಗಳಿಗೆ ಲೋಕದಲ್ಲಿ ಬಹಳ ಪ್ರಸಿದ್ಧಿ ಬಂದಿದೆ. ಎರಡನೆಯ ಬಗೆಯವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲವಾದರೂ, ನಮ್ಮ ಅಭಿಪ್ರಾಯದಲ್ಲಿ ಅವೇ ಹೆಚ್ಚು ಗಂಭೀರವಾದುವು. ಏಕೆಂದರೆ ಇಲ್ಲದುದನ್ನು ಇದೆಯೆನ್ನುವುದಕ್ಕಿಂತ, ಅಳೆದು ಪ್ರಕಟಿಸಿದ ಅಂಕಿಯೊಂದನ್ನು ಅಳೆಯದವನು ತಪ್ಪೆನ್ನುವುದಕ್ಕೆ ಹೆಚ್ಚಿನ ಎದೆಗಾರಿಕೆ ಬೇಕು.

1871ರ ವೇಳೆಗೆ ಮೆಂಡಲೀವರು ಈ ವಿಚಾರವನ್ನು ಒಂದು ಶಾಸ್ತ್ರೀಯ ವಿಧಾನವಾಗಿಯೇ ರೂಪಿಸಿದರು. ಕೋಷ್ಟಕದಲ್ಲಿ ಒಂದು ಮೂಲವಸ್ತುವಿಗೆ ಎಡಬಲಗಳಲ್ಲಿಯೂ ಮೇಲೆ ಕೆಳಗೂ ನೆರೆಯವರುಂಟು. ಅದರ ಗುಣಗಳು ಈ ನಾಲ್ವರ ಗುಣಗಳ ಮಧ್ಯಸ್ಥವಾಗಿರುವಂತೆ ಅದರ ಭಾರವೂ ಮಧ್ಯಸ್ಥವಾಗಿರಬೇಕು. ಸೆಲೆನಿಯಂ ಅವರು ಕೊಟ್ಟ ನಿದರ್ಶನ. ಅದರ ಎಡಕ್ಕೆ ಆರ್ಸೆನಿಕ್ 75, ಬಲಕ್ಕೆ ಬ್ರೋಮಿನ್ 80, ಮೇಲೆ ಗಂಧಕ 32, ಕೆಳಗೆ ಟೆಲ್ಲುರಿಯಂ 125. ಒಟ್ಟು 312, ನಾಲ್ಕರಿಂದ ಭಾಗಿಸಿದರೆ 78. ತಕ್ಕಡಿಯಿಂದ ದೊರೆತ ಸೆಲೆನಿಯಮ್ಮಿನ ಭಾರ 79ರ ಸಮೀಪದ್ದು. ಸರಾಸರಿಯು ಸೂಕ್ಷ್ಮವಾದ ಮಾನವಲ್ಲವೆಂಬುದನ್ನು ಅವರು ಬಲ್ಲರು. ಆದರೆ ವಿವಾದವಿದ್ದುದು ಸೂಕ್ಷ್ಮದಲ್ಲಲ್ಲ. ತುಲ್ಯಭಾರವು ಪ್ರಯೋಗದಿಂದ ಸೂಕ್ಷ್ಮವಾಗಿಯೇ ಸಿಗುತ್ತಿತ್ತು. ಅದನ್ನು ಎರಡರಿಂದ ಗುಣಿಸಬೇಕೋ ಮೂರರಿಂದಲೋ ನಾಲ್ಕರಿಂದಲೋ ಎಂಬುದೇ ತಿಳಿಯದೆ ಕಂಗೆಡಿಸುತ್ತಿತ್ತು. ಆ ಗುಣಕವು ಮೂಲವಸ್ತುವಿನ ಸಂಯೋಗ ಸಾಮರ್ಥ್ಯ. ಸಂಯೋಗ ಸಾಮರ್ಥ್ಯವನ್ನು ಹೇಳುವುದು ಕೋಷ್ಟಕದ ಗುಂಪು. ಹೀಗೆ ತಕ್ಕಡಿಯು ಗುಣ್ಯವನ್ನೂ ಕೋಷ್ಟಕವು ಗುಣಕವನ್ನೂ ಒದಗಿಸಿ, ಎರಡೂ ಕೂಡಿ ಪರಮಾಣುಭಾರವನ್ನು ನಿರ್ಣಯಿಸುವ ಮಾರ್ಗವು ತೆರೆಯಿತು.

ಇಂಡಿಯಮ್ಮಿನ ಪ್ರಕರಣವನ್ನು ನೋಡೋಣ. ಸ್ಯಾಕ್ಸನಿಯ ಫ್ರೈಬರ್ಗ್ ಗಣಿವಿದ್ಯಾಲಯದಲ್ಲಿ 1863ರಲ್ಲಿ ರೈಖ್ ಮತ್ತು ರಿಖ್ಟರ್ ಸತುವಿನ ಅದಿರಿನಲ್ಲಿ ಈ ಲೋಹವನ್ನು ಕಂಡುಹಿಡಿದರು. ರೈಖರಿಗೆ ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲವಾಗಿ ರೋಹಿತದರ್ಶಕದಲ್ಲಿ ನೋಡುವ ಕೆಲಸವನ್ನು ರಿಖ್ಟರರಿಗೆ ವಹಿಸಿದ್ದರು. ಅವರಿಗೆ ಕಂಡ ಕಡುನೀಲಿಯ ಗೆರೆಯಿಂದ ಲೋಹಕ್ಕೆ ಆ ಹೆಸರು ಬಂದಿತು. ಅದರ ತುಲ್ಯಭಾರ ಸುಮಾರು 37.8. ಸತುವಿನ ಸಹವಾಸದಲ್ಲಿ ಸಿಕ್ಕಿದ ವಸ್ತುವಾದುದರಿಂದ ಸತುವಿನಂತೆಯೇ ಅದರ ಒಂದು ಪರಮಾಣು ಆಮ್ಲಜನಕದ ಒಂದು ಪರಮಾಣುವಿನೊಡನೆ ಕೂಡುವುದೆಂದು ಎಣಿಸಿ, ಎರಡರಿಂದ ಗುಣಿಸಿ, 75.6 ಎಂದು ನಿರ್ಧರಿಸಿದ್ದರು. ಆದರೆ ಕೋಷ್ಟಕದಲ್ಲಿ 75ರಲ್ಲಿ ಆರ್ಸೆನಿಕ್ಕೂ 79ರಲ್ಲಿ ಸೆಲೆನಿಯಮ್ಮೂ ಭದ್ರವಾಗಿ ಕುಳಿತಿವೆ. ಅವೆರಡರ ನಡುವೆ ಲೋಹವೊಂದು ಕಾಲೂರುವಷ್ಟೂ ಎಡೆಯಿಲ್ಲ. ಮೂರರಿಂದ ಗುಣಿಸಿದರೆ 113.4 ಬರುತ್ತದೆ, ಕ್ಯಾಡ್ಮಿಯಮ್ಮಿನ 112ಕ್ಕೂ ತವರದ 118ಕ್ಕೂ ನಡುವೆ, ಅಲ್ಯುಮಿನಿಯಮ್ಮಿನ ಗುಂಪಿನಲ್ಲಿ, ಸ್ಥಾನವೊಂದು ಬರಿದಾಗಿಯೇ ಇದೆ. ಇಂಡಿಯಮ್ಮಿನ ಗುಣಗಳು ಅದಕ್ಕೆ ಒಪ್ಪುತ್ತವೆ. ಆದುದರಿಂದ ಅದರ ಭಾರ 113 ಎಂದು ಮೆಂಡಲೀವರು ತೀರ್ಪಿತ್ತರು. ಲೋಥರ್ ಮೈಯರರೂ 1870ರಲ್ಲಿ ಇದೇ ನಿರ್ಣಯಕ್ಕೆ ಬಂದಿದ್ದರು. ಅದೇ ವರ್ಷ ಹೈಡೆಲ್‌ಬರ್ಗಿನ ಬುನ್ಸೆನ್ನರು, ತಾವೇ ನಿರ್ಮಿಸಿದ್ದ ಮಂಜುಗಡ್ಡೆಯ ಉಷ್ಣಮಾಪಕದಲ್ಲಿ, ಇಂಡಿಯಮ್ಮಿನ ವಿಶಿಷ್ಟೋಷ್ಣವನ್ನು ಅಳೆದು 0.057 ಎಂದು ಕಂಡರು. 113.4ರಿಂದ ಗುಣಿಸಿದರೆ ಸುಮಾರು 6.5, 75.6ರಿಂದ ಗುಣಿಸಿದರೆ 4.3. ಡ್ಯೂಲಾಂಗ್ ಮತ್ತು ಪೆಟಿಯವರ ನಿಯಮಕ್ಕೆ ಯಾವುದು ಹೊಂದುವುದೆಂಬುದನ್ನು ಓದುಗರೇ ನೋಡಬಹುದು.

ಬೆರಿಲಿಯಮ್ಮಿನ ವ್ಯಾಜ್ಯ ಇದಕ್ಕಿಂತ ಕಠಿನವಾದುದು, ಅಲ್ಲಿ ಆ ನಿಯಮವೇ ಎದುರು ಪಕ್ಷದ ಸಾಕ್ಷಿಯಾಗಿ ನಿಂತಿತ್ತು. ಅದರ ತುಲ್ಯಭಾರ ಸುಮಾರು 4.7. ಬೆರಿಲಿಯಮ್ಮಿನ ಆಕ್ಸೈಡು ಅಲ್ಯುಮಿನಿಯಮ್ಮಿನದನ್ನು ಬಹಳವಾಗಿ ಹೋಲುವುದರಿಂದ ಮೂರರಿಂದ ಗುಣಿಸಿ ಭಾರವು 14 ಎನ್ನುವವರು ಬಹುಮಂದಿ. ಎರಡರಿಂದ ಗುಣಿಸಿದರೆ 9.4. ಮೆಂಡಲೀವರ ಕೋಷ್ಟಕದಲ್ಲಿ 14 ಸಾರಜನಕದ ಸ್ಥಾನ. 7ರ ಲಿಥಿಯಮ್ಮಿಗೂ 11ರ ಬೋರಾನಿಗೂ ನಡುವಣ ಎಡೆಯೋ ಖಾಲಿ. ಅವರು 9.4 ಎಂದು 1869ರಲ್ಲಿಯೇ ಬರೆದು ಬಿಟ್ಟರು. ಸ್ವೀಡನ್ನಿನ ನಿಲ್ಸನ್ ಮತ್ತು ಪೆಟರ್ಸನ್ ಎಂಬ ದಕ್ಷ ಪ್ರಯೋಗಶೀಲರು ಈ ಲೋಹದ ವಿಶಿಷ್ಟೋಷ್ಣವನ್ನು ಅಳೆದು, ಅದು 14ರ ಪಕ್ಷಕ್ಕೇ ಅನುಕೂಲವಾಗಿದೆಯೆಂದು ಸಾರಿದರು. ಹಲವು ವರ್ಷ ವಾದ ನಡೆಯಿತು. ಕೊನೆಗೆ 1884ರಲ್ಲಿ ಅವರೇ ಬೆರಿಲಿಯಂ ಕ್ಲೋರೈಡನ್ನು ಆವಿಯಾಗಿಸಿ ಅದರ ಸಾಂದ್ರತೆಯನ್ನು ಅಳೆದಾಗ ಅಣುಭಾರ 80ರಷ್ಟೆಂದು ಕಂಡಿತು. ಕ್ಲೋರಿನ್ನಿನ ಎರಡು ಪರಮಾಣುಗಳಿಗೆ 71 ಕಳೆದರೆ ಉಳಿಯುವುದು 9. ತಮ್ಮ ವಾದಕ್ಕೆ ತಮ್ಮ ಕೈಯಿಂದಲೇ ಖಂಡನೆ ದೊರೆತಾಗ ಆ ಇಬ್ಬರು ಸಜ್ಜನರು ಅದನ್ನು ಮುಚ್ಚಿಡದೆ ಪ್ರಕಟಿಸಿ, ಮೆಂಡಲೀವರ ಪಕ್ಷವನ್ನು ಒಪ್ಪಿಕೊಂಡರು. ಹಗುರವಾದ ಕೆಲವು ಮೂಲವಸ್ತುಗಳಲ್ಲಿ ವಿಶಿಷ್ಟೋಷ್ಣವು ಸಾಮಾನ್ಯ ಉಷ್ಣತೆಯಲ್ಲಿ ಅಸಹಜವಾಗಿ ಕಡಿಮೆಯಿರುವುದೇ ಆ ಭ್ರಾಂತಿಗೆ ಕಾರಣ.

ಯುರೇನಿಯಮ್ಮಿನ ಭಾರವನ್ನು 120 ಎಂದು ಎಣಿಸುತ್ತಿದ್ದರು. ಅದು ತವರ, ಆಂಟಿಮನಿಗಳ ನೆರೆಯಲ್ಲಿ ಹೊಂದದೆ ಹೋಗಲು, ಮೆಂಡಲೀವರು ಅದನ್ನು ಒಮ್ಮೆಗೇ ಇಮ್ಮಡಿಸಿ 240 ಎಂದು ಮಾಡಿ, ಕ್ರೋಮಿಯಂ, ಮಾಲಿಬ್ಡಿನಂ, ಟಂಗ್‌ಸ್ಟನ್‌ಗಳ ಗುಂಪಿನ ಕೊನೆಯಲ್ಲಿರಿಸಿದರು. ಆಗ ಗೊತ್ತಿದ್ದ ಮೂಲವಸ್ತುಗಳಲ್ಲೆಲ್ಲ ಅತ್ಯಂತ ಭಾರವಾದುದೆಂಬ ಪದವಿ ಯುರೇನಿಯಮ್ಮಿಗೆ ಸಿಕ್ಕಿದುದು ಹೀಗೆ, ಲೇಖನಿಯ ಒಂದು ಗೆರೆಯಿಂದ. ಹತ್ತು ವರ್ಷಗಳ ಬಳಿಕ ಜರ್ಮನಿಯ ಜಿಮ್ಮರ್‌ಮನ್ ಅದರ ಲವಣಗಳ ಆವಿಯ ಸಾಂದ್ರತೆಯನ್ನು ಅಳೆದು 240ನ್ನು ಸ್ಥಿರಪಡಿಸಿದರು.

ಇನ್ನು ಬರಿಯ ಸ್ಥಾನಗಳ ವಿಚಾರ. ಅಲ್ಯುಮಿನಿಯಮ್ಮಿನ ಕೆಳಗೆ 68, ಬೋರಾನಿನ ಗುಂಪಿನಲ್ಲಿ 44, ಸಿಲಿಕಾನಿನ ಕೆಳಗೆ 72 ಭಾರದ ಮೂರು ವಸ್ತುಗಳು ಇದ್ದೇ ಇರಬೇಕೆಂದು 1871ರಲ್ಲಿ ಅವರು ಸಾರಿ, ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು, ಸಂಸ್ಕೃತದ ಸಂಖ್ಯಾವಾಚಕವನ್ನು ಸೇರಿಸಿ, ಅವುಗಳಿಗೆ ಹೆಸರಿಟ್ಟರು. 1875ರ ಆಗಸ್ಟಿನಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್, ಪಿರನೀಸ್ ಪರ್ವತಪ್ರಾಂತದ ಸತುವಿನ ಅದಿರಿನಲ್ಲಿ ಹೊಸ ರೋಹಿತರೇಖೆಗಳನ್ನು ಕಂಡು, ದೊರೆತ ಲೋಹಕ್ಕೆ ಗ್ಯಾಲಿಯಂ ಎಂದು ಹೆಸರಿಟ್ಟರು. ಮೆಂಡಲೀವರು ಕೂಡಲೆ ಪ್ಯಾರಿಸ್ಸಿನ ಅಕಾಡೆಮಿಗೆ ಬರೆದು, ಅದು ತಮ್ಮ ಏಕ-ಅಲ್ಯುಮಿನಿಯಮ್ಮೇ ಎಂದೂ ಅದರ ಸಾಂದ್ರತೆ 5.9 ಇರಬೇಕೆಂದೂ ತಿಳಿಸಿದರು. ಲೆಕಾಕರು ಅಳೆದಿದ್ದುದು 4.7. ಲೋಹವನ್ನು ಕಣ್ಣಿನಿಂದ ನೋಡಿಯೂ ಇರದ, ಸಾವಿರ ಮೈಲಿಗೂ ಹೆಚ್ಚು ದೂರದಲ್ಲಿದ್ದ ಪಂಡಿತರೊಬ್ಬರ ಈ ಮಾತನ್ನು ಲೆಕಾಕರು ಅಲಕ್ಷಿಸಬಹುದಾಗಿತ್ತು. ಹಾಗೆ ಮಾಡದೆ, ಲೋಹವನ್ನು ಮತ್ತಷ್ಟು ಶುದ್ಧಿಮಾಡಿ ಮರಳಿ ಅಳೆದರು; 5.9 ಬಂದಿತು. ಪರಮಾಣುಭಾರವು 70ರ ಹತ್ತಿರವಿತ್ತು. 1879ರಲ್ಲಿ ಏಕ-ಬೋರಾನ್ ಸ್ಕ್ಯಾಂಡಿಯಂ ಎಂಬ ಹೆಸರಿನಿಂದ ಪ್ರಕಟವಾಯಿತು. ಅದನ್ನು ಕಂಡುಹಿಡಿದವರು ಬೆರಿಲಿಯಮ್ಮಿನ ವಿಷಯದಲ್ಲಿ ಮೆಂಡಲೀವರನ್ನು ವಿರೋಧಿಸುತ್ತಿದ್ದ ಅದೇ ನಿಲ್ಸನ್.

ಮೂರನೆಯದು ಇಂಡಿಯಂ ಹುಟ್ಟಿದ ಫ್ರೈಬರ್ಗಿನಲ್ಲಿಯೇ ದೊರೆಯಿತು. ಸಮೀಪದ ಬೆಳ್ಳಿಯ ಗಣಿಯಲ್ಲಿ 1885ರಲ್ಲಿ ಸಿಕ್ಕಿದ ಆರ್ಜಿರೋಡೈಟ್ ಎಂಬ ಖನಿಜವನ್ನು ವಿಂಕ್ಲರ್ ಎಷ್ಟು ಸಾರಿ ವಿಶ್ಲೇಷಿಸಿದರೂ ಲೆಕ್ಕದಲ್ಲಿ ನೂರಕ್ಕೆ ಏಳರಷ್ಟು ಕೊರತೆ ಬೀಳುತ್ತಿತ್ತು. ತಕ್ಕಡಿಯನ್ನೂ ತಮ್ಮ ಕೈಯನ್ನೂ ನಂಬಿದ ಆ ಕರ್ಮಯೋಗಿ, ಕೊರತೆಯಾದುದು ಹೊಸ ಮೂಲವಸ್ತುವೇ ಸರಿ ಎಂದು ತಿಂಗಳುಗಟ್ಟಲೆ ದುಡಿದು, 1886ರ ಫೆಬ್ರವರಿಯಲ್ಲಿ ಜರ್ಮೇನಿಯಮ್ಮನ್ನು ಬೇರ್ಪಡಿಸಿದರು. ಅದು ಯಾವ ಸ್ಥಾನಕ್ಕೆ ಸೇರಿದುದೆಂಬುದರಲ್ಲಿ ಮೊದಲು ಮೆಂಡಲೀವರೇ ಎಡವಿ, ಅದನ್ನು ಕ್ಯಾಡ್ಮಿಯಮ್ಮಿನ ಗುಂಪಿಗೆ ಸೇರಿಸಲು ಯೋಚಿಸಿದ್ದುಂಟು. ಭಾರವನ್ನು ಅಳೆದ ಮೇಲೆ ಸಂಶಯ ಉಳಿಯಲಿಲ್ಲ. ಹೇಳಿದ್ದು 72, ದೊರೆತದ್ದು 72.3, ಸಾಂದ್ರತೆ ಹೇಳಿದ್ದು 5.5, ದೊರೆತದ್ದು 5.47.

ಇಷ್ಟನ್ನು ಕೇಳಿದವರು ಕೋಷ್ಟಕವೇ ಪ್ರಮಾಣ, ತಕ್ಕಡಿ ಅದರ ಅನುಚರ ಎಂದುಕೊಂಡಾರು. ಮೆಂಡಲೀವರೂ ಹಾಗೆ ನಂಬಿದ್ದರೆಂಬುದಕ್ಕೆ ಟೆಲ್ಲುರಿಯಂ ನಿದರ್ಶನ. ಗುಣಗಳಿಂದ ಟೆಲ್ಲುರಿಯಂ ಸೆಲೆನಿಯಮ್ಮಿನ ಕೆಳಗೂ ಅಯೋಡಿನ್ ಬ್ರೋಮಿನ್ನಿನ ಕೆಳಗೂ ಬರಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಅಯೋಡಿನ್ನಿನ ಭಾರ 127, ಅದಕ್ಕಿಂತ ಮೊದಲು ಬರಬೇಕಾದ ಟೆಲ್ಲುರಿಯಮ್ಮಿನದು 128. ಟೆಲ್ಲುರಿಯಮ್ಮಿನ ಅಂಕಿ ತಪ್ಪಾಗಿದೆ, 123ಕ್ಕೂ 126ಕ್ಕೂ ನಡುವೆ ಇರಬೇಕು ಎಂದು ಮೆಂಡಲೀವರು ಸಾರಿದರು. ಸೆಲೆನಿಯಮ್ಮಿನ ಸರಾಸರಿಯಲ್ಲಿ ನಾವು ಮೇಲೆ ಕಂಡ 125 ಈ ನಂಬಿಕೆಯ ಅಂಕಿಯೇ. ಅವರ ಪರಮಮಿತ್ರರಾದ ಪ್ರಾಗ್ ನಗರದ ಬ್ರೌನರ್, ಆ ಅಂಕಿಯನ್ನು ಸಾಧಿಸಬೇಕೆಂಬ ಆಕಾಂಕ್ಷೆಯಿಂದಲೇ ವರ್ಷಗಟ್ಟಲೆ ಟೆಲ್ಲುರಿಯಮ್ಮನ್ನು ಶುದ್ಧಿಮಾಡಿ ತೂಗಿದರು. ಕೊನೆಗೆ ಬಂದದ್ದು 127ನ್ನು ಮೀರಿದ ಅಂಕಿ. ಅವರು ಅದನ್ನೇ ಪ್ರಕಟಿಸಿದರು. ಅಭಿಮಾನವಿದ್ದ ಕಡೆ ಅಂಕಿಯನ್ನು ಬಾಗಿಸುವುದು ಎಷ್ಟು ಸುಲಭವೆಂಬುದನ್ನು ಬಲ್ಲವರಿಗೆ ಬ್ರೌನರರ ಈ ನಡತೆಯ ಬೆಲೆ ತಿಳಿಯುತ್ತದೆ. 1894ರಲ್ಲಿ ರ್‍ಯಾಲೆ ಮತ್ತು ರ್‍ಯಾಮ್ಸೆ ವಾಯುವಿನಲ್ಲಿ ಆರ್ಗಾನನ್ನು ಕಂಡುಹಿಡಿದಾಗ ಅದೂ ಇದೇ ತಂಟೆಯನ್ನು ತಂದಿತು: ಅದರ ಭಾರ 40ರ ಹತ್ತಿರ, ಅದರ ಮುಂದೆ ನಿಲ್ಲಬೇಕಾದ ಪೊಟ್ಯಾಸಿಯಮ್ಮಿನದು 39. ಮೆಂಡಲೀವರು 1907ರಲ್ಲಿ ತೀರಿಕೊಳ್ಳುವವರೆಗೂ ಈ ಒಗಟು ಬಿಡಲಿಲ್ಲ.

ಅದನ್ನು ಬಿಡಿಸಿದ ಹೆನ್ರಿ ಮೋಸ್ಲೆ ಆಗಿನ್ನೂ ಇಪ್ಪತ್ತೈದರ ಆಚೀಚಿನ ತರುಣ. 1913 ಮತ್ತು 1914ರಲ್ಲಿ ಮೂಲವಸ್ತುಗಳಿಂದ ಹೊಮ್ಮುವ ಕ್ಷ-ಕಿರಣಗಳ ಆವರ್ತಾಂಕವನ್ನು ಒಂದೊಂದಾಗಿ ಅಳೆದು, ಅದರ ವರ್ಗಮೂಲವು ಒಂದು ಮೂಲವಸ್ತುವಿನಿಂದ ಮುಂದಿನದಕ್ಕೆ ಸಮಾನ ಹೆಜ್ಜೆಯಲ್ಲಿ ಏರುವುದೆಂದು ಅವರು ತೋರಿಸಿದರು. ಸ್ಥಾನವನ್ನು ನಿರ್ಣಯಿಸುವುದು ಭಾರವಲ್ಲ, ಪರಮಾಣುವಿನ ಬೀಜದಲ್ಲಿರುವ ವಿದ್ಯುದಂಶದ ಎಣಿಕೆ ಎಂಬುದು ಇದರಿಂದ ಸಿದ್ಧವಾಯಿತು. ಟೆಲ್ಲುರಿಯಂ 52, ಅಯೋಡಿನ್ 53. ಆರ್ಗಾನ್ 18, ಪೊಟ್ಯಾಸಿಯಂ 19. ಮರುವರ್ಷ, 1915ರ ಆಗಸ್ಟ್ 10ರಂದು, ಗೆಲಿಪೊಲಿಯ ರಣರಂಗದಲ್ಲಿ ಗುಂಡೇಟಿನಿಂದ ಮೋಸ್ಲೆ ಮಡಿದರು; ಅವರಿಗೆ ಆಗ 27 ವರ್ಷ. ಆ ಯುದ್ಧವು ಶಾಸ್ತ್ರಲೋಕಕ್ಕೆ ಮಾಡಿದ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾವು ಕಾಣೆವು.

ಭಾರಗಳು ಹೀಗೆ ಹಿಂದುಮುಂದಾಗಲು ಕಾರಣವೂ ಅದೇ ಕಾಲದಲ್ಲಿ ತಿಳಿಯಿತು. ಒಂದೇ ಮೂಲವಸ್ತುವಿಗೆ ಬೇರೆ ಬೇರೆ ಭಾರದ ಪರಮಾಣುಗಳಿರಬಹುದೆಂದು ಸಾಡಿ 1913ರಲ್ಲಿ ಹೇಳಿ, ಅವುಗಳಿಗೆ ಐಸೊಟೋಪುಗಳೆಂದು ಹೆಸರಿಟ್ಟರು. ವಿಕಿರಣಶೀಲ ಖನಿಜಗಳಿಂದ ತೆಗೆದ ಸೀಸವು ಸಾಮಾನ್ಯ ಸೀಸದ 207.2ಕ್ಕಿಂತ ಸ್ಪಷ್ಟವಾಗಿ ಹಗುರವೆಂದು ಹಾರ್ವರ್ಡಿನ ರಿಚರ್ಡ್ಸ್ 1914ರಲ್ಲಿ ತೂಗಿ ತೋರಿಸಿದರು. 1919ರಲ್ಲಿ ಕೇಂಬ್ರಿಜಿನ ಆಸ್ಟನ್ನರು ಪರಮಾಣುಗಳನ್ನು ಭಾರದ ಪ್ರಕಾರ ವಿಂಗಡಿಸುವ ಯಂತ್ರವನ್ನು ನಿರ್ಮಿಸಿ, ಬಹುಕಾಲದ ಸಮಸ್ಯೆಯಾಗಿದ್ದ ಕ್ಲೋರಿನ್ನಿನ 35.5 ಎಂಬ ಭಿನ್ನಾಂಕವು 35 ಮತ್ತು 37ರ ಭಾರದ ಎರಡು ಬಗೆಯ ಪರಮಾಣುಗಳ ಸರಾಸರಿಯೆಂದು ಸ್ಥಾಪಿಸಿದರು. ಅಯೋಡಿನ್ನಿನ ಸ್ಥಿರ ಪರಮಾಣು 127 ಒಂದೇ. ಟೆಲ್ಲುರಿಯಮ್ಮಿನಲ್ಲಿ ಎಂಟು ಬಗೆಗಳಿದ್ದು, 128 ಮತ್ತು 130ರ ಭಾರದವೇ ಅರ್ಧಕ್ಕಿಂತ ಹೆಚ್ಚು. ಆದುದರಿಂದ ಸರಾಸರಿಯು ಮೇಲಕ್ಕೇರಿ 127.6 ಆಗಿದೆ. ವಾಯುವಿನ ಆರ್ಗಾನಿನಲ್ಲಿ ಬಹುಪಾಲು, ಭೂಮಿಯ ಬಂಡೆಗಳಲ್ಲಿರುವ ಪೊಟ್ಯಾಸಿಯಮ್ಮಿನ 40ರ ಭಾರದ ಪರಮಾಣುಗಳು ಯುಗಯುಗಾಂತರಗಳಿಂದ ಕ್ಷಯಿಸಿ ಹುಟ್ಟಿದುದು. ಮಗುವಿನ ಭಾರ ತಾಯಿಯ ಸರಾಸರಿಯನ್ನು ಮೀರಿದುದು ಅದರಿಂದಲೇ. ಬ್ರೌನರರ ತಕ್ಕಡಿ ಸತ್ಯವನ್ನೇ ಹೇಳಿತ್ತು, ಮೆಂಡಲೀವರ ಸ್ಥಾನನಿರ್ಣಯವೂ ಸತ್ಯವೇ ಆಗಿತ್ತು. ಒಂದರಿಂದ ಇನ್ನೊಂದನ್ನು ಅಲ್ಲಗಳೆಯಲು ಹೊರಟದ್ದು ಮಾತ್ರ ತಪ್ಪು.

1961ರಿಂದ ಈಚೆಗೆ, 12ರ ಭಾರದ ಇಂಗಾಲದ ಪರಮಾಣುವನ್ನು ಆಧಾರವಾಗಿಟ್ಟುಕೊಂಡು ಭಾರಗಳನ್ನೆಲ್ಲ ಗಣಿಸುತ್ತಾರೆ. ಆ ಮಾನದಲ್ಲಿ ಬೆರಿಲಿಯಂ 9.01, ಇಂಡಿಯಂ 114.8, ಯುರೇನಿಯಂ 238.0. ಇಂದಿನ ವಿದ್ಯಾರ್ಥಿಯು ಕೋಷ್ಟಕದ ಚೌಕವೊಂದನ್ನು ನೋಡಿ ಕ್ಷಣಾರ್ಧದಲ್ಲಿ ಈ ಅಂಕಿಯನ್ನು ಓದಿಬಿಡುತ್ತಾನೆ. ಓದುವುದನ್ನು ಕಲಿಸುವ ಉಪಾಧ್ಯಾಯರಲ್ಲಿ ನಮ್ಮದೊಂದು ವಿಜ್ಞಾಪನೆ. ವರ್ಷದಲ್ಲಿ ಒಂದು ಗಂಟೆಯ ಪಾಠವನ್ನಾದರೂ ಇದಕ್ಕೆ ಮೀಸಲಿಟ್ಟು, ಇಂಡಿಯಮ್ಮಿನ ಚೌಕವನ್ನು ಕಾಗದದಿಂದ ಮುಚ್ಚಿ, 37.8 ಎಂಬ ತುಲ್ಯಭಾರವೊಂದನ್ನೇ ಹಲಗೆಯ ಮೇಲೆ ಬರೆದು, ಎಷ್ಟರಿಂದ ಗುಣಿಸಬೇಕು, ಏಕೆ, ಎಂದು ಮಕ್ಕಳನ್ನು ಕೇಳಿರಿ. ಉತ್ತರಕ್ಕಾಗಿ ಅವರು ಅಕ್ಕಪಕ್ಕದ ಚೌಕಗಳನ್ನು ಹುಡುಕುವವರೆಗೆ ತಾಳ್ಮೆಯಿಂದ ಕಾಯಿರಿ.